ಬಳಪ ಎಂಬ ಶಬ್ದದ ವಿಚಾರ

ಹಂಪಸಾಗರದ ರಾತ್ರಿಶಾಲೆಯಲ್ಲಿ ಅಕ್ಷರ ಕಲಿಸುತ್ತಿದ್ದಾಗ ನಾನು ಒಂದು ತಪ್ಪು ಪಾಠವನ್ನು ಹೇಳಿಕೊಟ್ಟೆನು. ಬಳಪದ ಗೆರೆಯು ಬೆಳ್ಳಗಿರುವದರಿಂದ 'ಬಿಳುಪು' ಎಂಬದೇ 'ಬಳಪ'ವಾಯಿತೆಂದೆನು. ಹಿಂದೆ ಕುಳಿತಿದ್ದ ಕಲ್ಲುಕೆಲಸದ ಮುದುಕನೊಬ್ಬನು, "ಉಪದೇಶಿಯವರ, ಬಳಪದ ಕಲ್ಲು ಬೆಳ್ಳಗ ಎಲ್ಲೈತ್ರಿ? ಕಲ್ಲು ಹಸುರುಗಪ್ಪು, ಗೀಚಿದ ಗೆರಿ ಅಷ್ಟೇ ಬೆಳ್ಳಗ," ಅಂದನು. ನನಗೆ ಪ್ರತ್ಯುತ್ತರ ತೋಚಲಿಲ್ಲ.

ಮುದುಕನ ಮಾತೇ ಸರಿ. ಬಳಪವೆಂಬದು ಮೊದಲು ಕಲ್ಲಿನ ಹೆಸರು. ಆ ಕಲ್ಲಿನಿಂದ ಸೀಳಿದ ಬರೆಯುವ ಕಡ್ಡಿಗೆ ಅದೇ ಹೆಸರು ಬಂತು. ತೆಲುಗರು ಬಲಪಮು ಎಂತಲೂ ತಮಿಳರು ಪಲಪ್ಪಂ ಎಂತಲೂ ಅನ್ನುವರು. ಬಿಳುಪಿಗಾದರೋ ತಮಿಳಿನಲ್ಲಿ ವೆಳ್ಳೈ ಎಂದು ಹೆಸರಿರುವದು. ಆದದರಿಂದ ಧ್ವನಿಯ ಹೋಲಿಕೆಯೊಂದನ್ನೇ ನಂಬಲಾಗದು. ಹರಪನಹಳ್ಳಿ ಸೀಮೆಯ ಬಾಗಳಿಯಲ್ಲಿ ಚಾಲುಕ್ಯರ ಕಾಲದ ಕಲ್ಲೇಶ್ವರ ಗುಡಿಯು ಈ ಕಲ್ಲಿನದೇ. ಇದು ಉಗುರಿಗೂ ಗೀರು ಬೀಳುವಷ್ಟು ಮೃದು. ಶಿಲ್ಪಿಯು ಇದರಲ್ಲಿ ಸರದ ಮಣಿಗಳನ್ನು ಒಂದೊಂದಾಗಿ ಕೆತ್ತಿದ್ದು ಈ ಮೃದುತ್ವದಿಂದಲೇ; ಬಳಪವು ಪಾಟಿಯ ಮೇಲೆ ತನ್ನ ಪುಡಿಯನ್ನು ಬಿಟ್ಟು ಅಕ್ಷರವಾಗುವದೂ ಇದರಿಂದಲೇ.

ಲೇಖನಿ ಎಂಬದರ ಮೂಲವಾದ 'ಲಿಖ್' ಧಾತುವಿಗೆ ಗೀರುವದೆಂದು ಅರ್ಥ. ತಾಳೆಗರಿಯ ಮೇಲೆ ಬರೆಯುತ್ತಿದ್ದ ಕಬ್ಬಿಣದ ಕಂಟಕ್ಕೆ ಅದು ಒಪ್ಪುವದು. ಯೋಬನು 19ನೆಯ ಅಧ್ಯಾಯದಲ್ಲಿ ಅಳಿಯದ ಬರಹಕ್ಕಾಗಿ ಬಯಸಿದ್ದು ಕಬ್ಬಿಣದ ಲೇಖನಿಯನ್ನೇ. ಪೆನ್ನೆಂದರೆ ಲ್ಯಾಟಿನಿನಲ್ಲಿ ಗರಿ. ಪೆನ್ಸಿಲೆಂದರೆ ಚಿಕ್ಕ ಬಾಲ, ಅಂದರೆ ಚಿತ್ರಗಾರನ ಕುಂಚ. ಸೀಸದಕಡ್ಡಿಯಲ್ಲಿ ಸೀಸವೇ ಇಲ್ಲ!

ಬಳಪದ ಬರಹವು ಅಳಿಯುವಂಥದು. ಪೂರ್ವದಲ್ಲಿ ಬಟ್ಟೆಗೆ ಹುಣಸೇಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಚಿ ಕಡತ ಮಾಡುತ್ತಿದ್ದರು. ಅಂಗಡಿಯ ಲೆಕ್ಕವನ್ನು ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಒರಸಿ ತಿರಿಗಿ ಬರೆಯಬಹುದಾಗಿತ್ತು. ಸಾಲಗಾರನಿಗೆ ಓದು ಬಾರದಿದ್ದರೆ ಏನನ್ನು ಒರಸಿದರು, ಏನನ್ನು ಬರೆದರು ಎಂಬದು ಹೇಗೆ ತಿಳಿಯಬೇಕು? ಬರೆದವನ ಮಾತನ್ನೇ ನಂಬಬೇಕಾಗಿತ್ತು. ಈಗ ಕಚೇರಿಯ ಕಾಗದದ ಕಟ್ಟಿಗೂ ಕಡತವೆಂದೇ ಹೆಸರು.

ಮರುದಿನ ರಾತ್ರಿ ನಾನು ಎಲ್ಲರ ಮುಂದೆ ನನ್ನ ಪಾಠವನ್ನು ತಿದ್ದಿ, ಈ ಕಡತದ ಸಂಗತಿಯನ್ನೂ ಹೇಳಿದೆನು. ಮುದುಕನು ಉಳಿಯನ್ನು ಹಿಡಿದ ಹಾಗೆ ಬಳಪ ಹಿಡಿದು ಎರಡು ತುಂಡು ಮುರಿದನು. ಮೂರನೆಯದರಿಂದ ತನ್ನ ಹೆಸರನ್ನು ಬರೆದನು. ಆಮೇಲೆ, "ನಾಳೆ ಅಂಕಿ ಕಲಸ್ರಿ, ನಂದೂ ಒಂದು ಲೆಕ್ಕ ಐತಿ," ಅಂದನು.