ಸಾಂಕ್ರಾಮಿಕೋತ್ತರ ಸಾರ್ವಜನಿಕ ಸಾರಿಗೆ: ಯಶಸ್ಸಿನ ಮಾನದಂಡಗಳು

ಕೋವಿಡ್-19ರಿಂದಾಗಿ 2020ರ ಮಾರ್ಚ್‌ನಲ್ಲಿ ಸ್ಥಗಿತಗೊಂಡ ಕರ್ನಾಟಕದ ಸರ್ಕಾರಿ ಬಸ್ ಸಂಚಾರವು ಮೇ 19ರಂದು, ಬಸ್ಸೊಂದಕ್ಕೆ ಗರಿಷ್ಠ 30 ಪ್ರಯಾಣಿಕರೆಂಬ ಮಿತಿಯೊಡನೆ ಪುನರಾರಂಭವಾಯಿತು. ಆಸನ ಭರ್ತಿ ಪ್ರಮಾಣ, ಅಂದರೆ ಒದಗಿಸಿದ ಆಸನಗಳಲ್ಲಿ ಬಳಕೆಯಾದವುಗಳ ಶೇಕಡಾವಾರು ಪಾಲು, ಮತ್ತು ಪ್ರತಿ ಕಿಲೋಮೀಟರ್ ಓಟದ ಆದಾಯ ಎಂಬ ಹಳೆಯ ಮಾನದಂಡಗಳು, ತುಂಬಿದ ಬಸ್ಸೇ ಅಪಾಯವೆನಿಸಿದ ಆ ಅವಧಿಯಲ್ಲಿ ಬಹುಮಟ್ಟಿಗೆ ಅರ್ಥ ಕಳೆದುಕೊಂಡವು.

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ನಾಲ್ಕೂ ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಉಚಿತ ಪ್ರಯಾಣ ಕಲ್ಪಿಸಿ, ಅಳತೆಯ ಪ್ರಶ್ನೆಯನ್ನು ಇನ್ನಷ್ಟು ಜಟಿಲಗೊಳಿಸಿತು. ಪ್ರಯಾಣಿಕರು ಹಣ ತೆರದೆ ಪಡೆಯುವ ಶೂನ್ಯ ಟಿಕೆಟ್‌ನ ಮೊತ್ತವನ್ನು ಸರ್ಕಾರವು ನಿಗಮಗಳಿಗೆ ಭರಿಸುವುದರಿಂದ, ಪ್ರಯಾಣಿಕರ ಸಂಖ್ಯೆ ಏರಿದ ಮಾತ್ರಕ್ಕೆ ನಿಗಮದ ಬೊಕ್ಕಸ ಸುಭದ್ರವಾಯಿತೆಂದು ಹೇಳಲಾಗದು. ಹಾಗೆಂದು ಆ ಏರಿಕೆಯನ್ನು ಕೃತಕವೆಂದು ತಳ್ಳಿಹಾಕುವುದೂ ಅವಸರದ ತೀರ್ಮಾನವೇ ಸರಿ.

ಬೆಂಗಳೂರು–ಹುಬ್ಬಳ್ಳಿ ರೈಲುಮಾರ್ಗಕ್ಕೆ ಹಾಸನದ ಮಾರ್ಗ ಕೂಡುವ ಅರಸೀಕೆರೆ ಜಂಕ್ಷನ್, ಪ್ರಯಾಣಿಕರ ಸಂಖ್ಯೆ ಮತ್ತು ಆದಾಯದ ಆಚೆಗೂ ಅಳೆಯಬೇಕಾದದ್ದಿದೆ ಎಂಬುದಕ್ಕೆ ಉತ್ತಮ ನಿದರ್ಶನವಾಗಿದೆ. 2023ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡುಗಳ ದೇವಾಲಯಗಳನ್ನು ನೋಡಲು ಇಲ್ಲಿ ರೈಲಿನಿಂದ ಇಳಿಯುವವರು ಮುಂದೆ ರಸ್ತೆ ಸಾರಿಗೆಯನ್ನೇ ಆಶ್ರಯಿಸಬೇಕಾಗಿರುವುದರಿಂದ, ರೈಲಿನ ವೇಳೆಗೆ ಬಸ್ ಹೊಂದಿಕೊಳ್ಳುವುದೇ, ಸಂಜೆಯ ಕೊನೆಯ ಬಸ್ ನಂಬಲರ್ಹವೇ ಎಂಬ ಅಂಶಗಳು ಆದಾಯದಷ್ಟೇ ಮುಖ್ಯವಾಗುತ್ತವೆ. ಬಸ್ ಹತ್ತಲಾಗದೆ ನಿಲ್ದಾಣದಲ್ಲೇ ಉಳಿದವರನ್ನು ಟಿಕೆಟ್ ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂಬುದು ಈ ಎಲ್ಲ ಅಂಕಿಅಂಶಗಳ ದೊಡ್ಡ ಕೊರತೆ.