ಮೊದಲು ಕಿಡ್ನಿ, ಆಮೇಲೆ ಹೃದಯ, ಕೊನೆಗೆ ಕಣ್ಣು

2019ರ ನವೆಂಬರ್‌ನಲ್ಲಿ ಆಯಿಯನ್ನು, ಎಂದರೆ ನನ್ನ ತಾಯಿಯನ್ನು, ಕರೆದುಕೊಂಡು ಬೆಂಗಳೂರಿಗೆ ಹೊರಟಾಗ ಐದು ದಿನಕ್ಕಾಗುವಷ್ಟು ಬಟ್ಟೆ ತುಂಬಿಕೊಂಡಿದ್ದೆವು. ಕುಮಟೆಗೆ ಮರಳಿದ್ದು ಹನ್ನೆರಡನೆಯ ದಿನ. ಅಲ್ಲಿದ್ದಷ್ಟು ದಿನವೂ ಸಿಕ್ಕ ಚೀಟಿಗಳನ್ನೆಲ್ಲ ಒಂದು ಬಿಸ್ಕೆಟ್ ಡಬ್ಬಿಯಲ್ಲಿ ಹಾಕಿಡುತ್ತ ಬಂದಿದ್ದೆ. ಮನೆಗೆ ಬಂದ ಮರುದಿನ ಜಗಲಿಯಲ್ಲಿ ಕೂತು ಕೂಡಿಸಿದೆ. ಡಾಕ್ಟರುಗಳ ಫೀ 4,200 ರೂಪಾಯಿ. ಪರೀಕ್ಷೆಗಳಿಗೆ 7,850. ಲಾಡ್ಜಿಗೆ ಒಂಬತ್ತು ರಾತ್ರಿಗೆ 12,600. ಆಟೊ 5,100, ಊಟ-ತಿಂಡಿ 4,950, ರದ್ದು ಮಾಡಿಸಿದ್ದೂ ಸೇರಿ ರೈಲಿನ ಟಿಕೆಟು 3,200. ಒಟ್ಟು 37,900.

ಇದರಲ್ಲಿ ಚಿಕಿತ್ಸೆಗೆಂದು ಹೋದದ್ದು 12,050 ಮಾತ್ರ. ಉಳಿದ 25,850 ರೂಪಾಯಿಯನ್ನು ನಾವು ಕಾಯುವುದಕ್ಕೆ ಕೊಟ್ಟಿದ್ದೆವು. ಸಂಬಳವಿಲ್ಲದ ರಜೆಯನ್ನು ನಾನು ಇದರಲ್ಲಿ ಸೇರಿಸಿಲ್ಲ.

ದೂರದೂರಿಗೆ ಚಿಕಿತ್ಸೆಗೆ ಹೋಗುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆ, ‘ಡಾಕ್ಟರ ಫೀ ಎಷ್ಟು?’ ನಾನೂ ಅದನ್ನೇ ಕೇಳಿಕೊಂಡು ಹೋಗಿದ್ದೆ. ಕೇಳಬೇಕಾಗಿದ್ದುದು, ‘ಯಾರನ್ನು ಮೊದಲು ಕಾಣಬೇಕು?’ ಎಂದು.

ನಡೆದದ್ದು ಹೀಗೆ. ಆಯಿಗೆ ಆಗ ಎಪ್ಪತ್ತೊಂದು. ಸಕ್ಕರೆ ಕಾಯಿಲೆ ಬಹಳ ವರ್ಷದ್ದು. 2014ರಲ್ಲಿ ಹೃದಯಕ್ಕೆ ಸ್ಟೆಂಟ್ ಹಾಕಿದ ಡಾಕ್ಟರು ಬೆಂಗಳೂರಿನವರು, ಅವರನ್ನು ಬಿಟ್ಟು ಬೇರೆಯವರಿಗೆ ತೋರಿಸಲು ಅವಳಿಗೆ ಮನಸ್ಸಿಲ್ಲ. ನಮ್ಮ ಉತ್ತರ ಕನ್ನಡದವರಿಗೆ ದೊಡ್ಡ ಕಾಯಿಲೆ ಎಂದರೆ ಜಿಲ್ಲೆಯ ಗಡಿ ದಾಟುವುದೇ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರದ ಕಡೆ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಅಪಘಾತಕ್ಕೀಡಾದ ದೃಶ್ಯವನ್ನು ನೋಡಿದವರಾರೂ ಮರೆತಿರಲಾರರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಅದಕ್ಕೂ ಹಿಂದಿನದು.

2019ರ ಆ ಸಲ ನಾನು ಮೂರು ಕಡೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದೆ. ಸೋಮವಾರ ಹೃದಯ, ಬುಧವಾರ ಕಣ್ಣು, ಗುರುವಾರ ಕಿಡ್ನಿ. ಸಿಕ್ಕ ದಿನ ಹಿಡಿದುಕೊಂಡಿದ್ದು, ಅಷ್ಟೆ. ಸೋಮವಾರ ಹೃದಯದ ಡಾಕ್ಟರು ಆಂಜಿಯೊಗ್ರಾಂ ಮಾಡಿ ನೋಡಬೇಕಾಗಬಹುದು ಎಂದರು. ಅದಕ್ಕೆ ರಕ್ತನಾಳದೊಳಗೆ ಡೈ ಬಿಡಬೇಕು, ಆ ಡೈ ಸೋತ ಕಿಡ್ನಿಗೆ ಆಗಿಬರುವುದಿಲ್ಲ. ಆಯಿಯ ಕಿಡ್ನಿ ಸೋತಿತ್ತು, ಕ್ರಿಯಾಟಿನಿನ್ 1.9 ಇತ್ತು. ‘ಕಿಡ್ನಿ ಡಾಕ್ಟರ ಒಪ್ಪಿಗೆ ಬರೆಸಿಕೊಂಡು ಬನ್ನಿ’ ಎಂದು ಚೀಟಿ ಕೊಟ್ಟರು. ಕಿಡ್ನಿ ಡಾಕ್ಟರು ಸಿಕ್ಕುವುದು ಗುರುವಾರ. ಅವರು ಮೂತ್ರಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಬರೆದರು. ವರದಿ ಬಂದದ್ದು ಶನಿವಾರ ಸಂಜೆ. ಭಾನುವಾರ ಹೊರರೋಗಿ ವಿಭಾಗವೇ ಇಲ್ಲ. ಮತ್ತೆ ಸೋಮವಾರ ಕಿಡ್ನಿ, ಮಂಗಳವಾರ ಹೃದಯ. ಕೊನೆಗೆ ಆದ ತೀರ್ಮಾನ, ಸದ್ಯಕ್ಕೆ ಆಂಜಿಯೊಗ್ರಾಂ ಬೇಡ, ಔಷಧಿಯಲ್ಲೇ ನೋಡೋಣ ಎಂದು. ಯಾವ ಡಾಕ್ಟರದೂ ತಪ್ಪಿಲ್ಲ. ಒಬ್ಬೊಬ್ಬರೂ ತಮ್ಮ ಅಂಗವನ್ನು ಜೋಪಾನವಾಗಿ ನೋಡಿದರು. ಮೂವರ ನಡುವೆ ದಾರಿ ಹಾಕಬೇಕಾದವರು ನಾವಾಗಿದ್ದೆವು.

ನಡುವಿನ ಬುಧವಾರದ್ದನ್ನೂ ಹೇಳಬೇಕು. ಕಣ್ಣಿನ ಆಸ್ಪತ್ರೆಯಲ್ಲಿ ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ನಾಲ್ಕೈದು ತಾಸು ಸರಿಯಾಗಿ ಕಾಣುವುದಿಲ್ಲ. ಅದು ಗೊತ್ತಿದ್ದೂ ಅದೇ ಮಧ್ಯಾಹ್ನ ಇನ್ನೊಂದು ಕಡೆ ರಕ್ತ ಕೊಡಲು ಹೊರಟಿದ್ದೆ. ರಸ್ತೆಯ ಬಿಸಿಲಿಗೆ ಕಣ್ಣು ಬಿಡಲಾರದೆ ಆಯಿ ಸೆರಗನ್ನು ಹಣೆಯ ಮೇಲೆಳೆದುಕೊಂಡು, ಎರಡೂ ಕೈಯಲ್ಲಿ ನನ್ನ ಮೊಣಕೈ ಹಿಡಿದು, ಪ್ರತಿ ಮೆಟ್ಟಿಲನ್ನೂ ಕಾಲಿನಿಂದ ತಡವಿ ತಡವಿ ಇಳಿದಳು. ಆಟೊದಲ್ಲಿ ಕೂತ ಮೇಲೆ, ‘ಮನೆಗೆ ಹೋಪನ ತಮಾ’ ಎಂದಳು. ಆ ಮಾತಿನ ಭಾರ ಇವತ್ತಿಗೂ ನನ್ನ ಮೇಲಿದೆ.

ಊರಿಗೆ ಬಂದು ಹತ್ತು ದಿನಕ್ಕೆ ಅವಳ ಪಾದ ಬಾತುಕೊಂಡಿತು. ಕಿಡ್ನಿಯೇ ಇನ್ನಷ್ಟು ಸೋತಿತೆಂದು ನಾವು ಹೆದರಿದೆವು. ಔಷಧಿ ಅಂಗಡಿಯವರು ಡಾಕ್ಟರುಗಳ ಎರಡು ಚೀಟಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು, ಎರಡು ಗುಳಿಗೆಯ ಪಟ್ಟಿಯ ಹಿಂಬದಿಯ ಸಣ್ಣಕ್ಷರ ಓದಿ, ‘ಹೆಸರು ಬೇರೆ, ಒಳಗಿನದು ಒಂದೇ’ ಎಂದರು. ಅಮ್ಲೋಡಿಪಿನ್. ರಕ್ತದೊತ್ತಡಕ್ಕೆಂದು ಇಬ್ಬರು ಡಾಕ್ಟರು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಬರೆದಿದ್ದರು, ಆಯಿ ಎರಡನ್ನೂ ನುಂಗುತ್ತಿದ್ದಳು. ಪಾದ ಬಾತುಕೊಳ್ಳುವುದು ಆ ಔಷಧಿಯ ಗೊತ್ತಿರುವ ಅಡ್ಡಪರಿಣಾಮ. ಊರಿನ ಡಾಕ್ಟರು ಒಂದನ್ನು ನಿಲ್ಲಿಸಿದರು, ವಾರದಲ್ಲಿ ಬಾವು ಇಳಿಯಿತು. ಅಂದಿನಿಂದ ನಾನು ಔಷಧಿಗಳ ಪಟ್ಟಿಯನ್ನು ಕಂಪನಿಯ ಹೆಸರಿನಲ್ಲಿ ಬರೆದಿಡುವುದಿಲ್ಲ, ಒಳಗಿನ ಔಷಧಿಯ ಹೆಸರಿನಲ್ಲಿ ಬರೆದಿಡುತ್ತೇನೆ. ಆ ಹೆಸರು ಗೊತ್ತಿದ್ದರೆ ಜನೌಷಧಿ ಕೇಂದ್ರದಲ್ಲಿ ಕೇಳುವುದಕ್ಕೂ ಸುಲಭ. ತಿಂಗಳು ತಿಂಗಳು ಕೊಳ್ಳುವ ಔಷಧಿಗೆ ಅಲ್ಲಿ ಉಳಿಯುವ ದುಡ್ಡು ಸಣ್ಣದಲ್ಲ.

ಎರಡನೆಯ ಸಲ ಹೋದದ್ದು 2021ರ ಡಿಸೆಂಬರಿನಲ್ಲಿ. ಈ ಸಲ ಬೆಂಗಳೂರಿಗೆ ಫೋನ್ ಮಾಡುವ ಮೊದಲು ನಮ್ಮ ಊರಿನ ಡಾಕ್ಟರ ಮುಂದೆ ಕೂತೆ. ‘ಮೊದಲು ಕಿಡ್ನಿ, ಆಮೇಲೆ ಹೃದಯ, ಕೊನೆಗೆ ಕಣ್ಣು’ ಎಂದು ಕ್ರಮ ಹಾಕಿಕೊಟ್ಟವರು ಅವರೇ. ಆಯಿಯ ಕಾಯಿಲೆಗಳು ಯಾವ ವರ್ಷದಿಂದ, ಈಗ ತೆಗೆದುಕೊಳ್ಳುತ್ತಿರುವ ಔಷಧಿ ಯಾವುದು, ಯಾವುದು ಒಗ್ಗುವುದಿಲ್ಲ ಎಂಬುದನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು ಸಹಿ ಹಾಕಿದರು. ಬೆಂಗಳೂರಿನ ಮೂವರೂ ಎಲ್ಲಕ್ಕಿಂತ ಮೊದಲು ಓದಿದ್ದು ಆ ಹಾಳೆಯನ್ನೇ. ಹೊರಡುವ ನಾಲ್ಕು ದಿನ ಮೊದಲು ರಕ್ತ, ಮೂತ್ರ, ಇಸಿಜಿ ಕುಮಟೆಯಲ್ಲೇ ಮಾಡಿಸಿದೆವು. ಹಿಂದಿನ ಸಲ ವರದಿ ಕೈಯಲ್ಲಿಲ್ಲದೆ ಅದೇ ರಕ್ತಪರೀಕ್ಷೆಗೆ ಮೂರು ಕಡೆ ದುಡ್ಡು ಕೊಟ್ಟಿದ್ದೆ.

ಪ್ರತಿ ಆಸ್ಪತ್ರೆಗೂ ಫೋನ್ ಮಾಡಿ ಮೂರು ಮಾತು ಕೇಳಿದೆ. ಡಾಕ್ಟರು ಯಾವ ವಾರ ಹೊರರೋಗಿಗಳನ್ನು ನೋಡುತ್ತಾರೆ, ಯಾವ ವಾರ ಆಪರೇಷನ್ನಿನಲ್ಲಿರುತ್ತಾರೆ? ವರದಿ ತೋರಿಸಲು ಎರಡನೆಯ ಸಲ ಬಂದರೆ ಮತ್ತೆ ಫೀ ಇದೆಯೇ, ಎಷ್ಟು ದಿನದೊಳಗೆ ಬಂದರೆ ಇಲ್ಲ? ಹೊರಗಿನ ಲ್ಯಾಬಿನ ವರದಿ ನಡೆಯುತ್ತದೆಯೇ? ಎರಡನೆಯ ಪ್ರಶ್ನೆಯನ್ನು 2019ರಲ್ಲಿ ಕೇಳದೆ ಇದ್ದುದಕ್ಕೆ 900 ರೂಪಾಯಿ ಸುಮ್ಮನೆ ಹೋಗಿತ್ತು.

ಭಾನುವಾರ ಸಂಜೆ ಪಂಚಗಂಗಾ ರೈಲು ಹತ್ತಿ ಸೋಮವಾರ ಬೆಳಿಗ್ಗೆ ಇಳಿದೆವು. ಸೋಮವಾರ ಯಾರನ್ನೂ ಕಾಣಲಿಲ್ಲ. ರಾತ್ರಿಯಿಡೀ ರೈಲಿನಲ್ಲಿ ಅಲುಗಾಡಿ ಬಂದ ಮುದುಕಿಯ ರಕ್ತದೊತ್ತಡ ಅಳೆದರೆ ಬರುವ ಅಂಕಿ ಅವಳದಲ್ಲ, ರೈಲಿನದು. ಅದನ್ನು ನಂಬಿ ಔಷಧಿ ಏರಿಸಿದರೆ ಇನ್ನೊಂದು ತಾಪತ್ರಯ. ಒಂದು ರಾತ್ರಿಯ ಲಾಡ್ಜ್ ಬಾಡಿಗೆ ಹೆಚ್ಚಾದರೂ ಈ ವಿಶ್ರಾಂತಿಯನ್ನು ನಾನು ಇನ್ನು ಕಡಿಮೆ ಮಾಡುವವನಲ್ಲ. ಮಂಗಳವಾರ ಕಿಡ್ನಿ, ಬುಧವಾರ ಹೃದಯ, ಗುರುವಾರ ಬೆಳಿಗ್ಗೆ ಕಣ್ಣು. ಹನಿ ಹಾಕಿದ ಮೇಲೆ ಅವಳಿಗೆ ಬೇರೆ ಕೆಲಸವಿರಲಿಲ್ಲ, ಲಾಡ್ಜಿನ ಕತ್ತಲೆ ಕೋಣೆಯಲ್ಲಿ ಸಂಜೆಯ ರೈಲಿನವರೆಗೆ ಮಲಗಿದ್ದಳು. ಒಟ್ಟು ಖರ್ಚು 17,200. ಹಿಂದಿನದಕ್ಕಿಂತ 20,700 ರೂಪಾಯಿ ಕಡಿಮೆ, ಅದೇ ಮೂವರು ಡಾಕ್ಟರು.

ಲಾಡ್ಜನ್ನು ರೈಲು ನಿಲ್ದಾಣದ ಹತ್ತಿರ ಹಿಡಿಯುವುದು ನಮ್ಮವರ ರೂಢಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕಾದ ಆಸ್ಪತ್ರೆಯ ಹತ್ತಿರ ಹಿಡಿಯಿರಿ. ಸರ್ಕಾರಿ ಸಂಸ್ಥೆಗಳಿಗೆ ಹೋಗುವವರಿಗೆ ಜಾಗದ ಲೆಕ್ಕ ಇನ್ನೂ ಮುಖ್ಯ. ಮಿಂಟೊ ಕಣ್ಣಿನ ಆಸ್ಪತ್ರೆ, ವಿಕ್ಟೋರಿಯಾ ಆವರಣದ ನೆಫ್ರೊ-ಯುರಾಲಜಿ ಸಂಸ್ಥೆ ಎರಡೂ ಕೆ.ಆರ್. ಮಾರುಕಟ್ಟೆಯ ಮಗ್ಗುಲಿಗಿವೆ. ನಿಮ್ಹಾನ್ಸ್, ಕಿದ್ವಾಯಿ ಪರಸ್ಪರ ಹತ್ತಿರ. ಜಯದೇವ ಬನ್ನೇರುಘಟ್ಟ ರಸ್ತೆಯಲ್ಲಿದೆ. ಒಂದೇ ದಿಕ್ಕಿನವನ್ನು ಒಂದು ದಿನಕ್ಕೆ ಸೇರಿಸಿಕೊಂಡರೆ ಆಟೊ ದುಡ್ಡಿಗಿಂತ ಹೆಚ್ಚಾಗಿ ರೋಗಿಯ ಜೀವ ಉಳಿಯುತ್ತದೆ.

ರೈಲಿನ ರಿಯಾಯಿತಿ ಬಹಳ ಜನರಿಗೆ ಗೊತ್ತಿಲ್ಲ. ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತಿತು, ಆದರೆ ರೋಗಿಗಳದು ನಿಂತಿಲ್ಲ. ಕ್ಯಾನ್ಸರ್ ರೋಗಿಗಳಿಗೆ, ಹೃದಯದ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ, ಡಯಾಲಿಸಿಸ್ ಅಥವಾ ಕಿಡ್ನಿ ಕಸಿಗೆ ಹೋಗುವವರಿಗೆ ಅದು ಇದೆ, ಜೊತೆಗೊಬ್ಬರಿಗೂ ಇದೆ. ಆಸ್ಪತ್ರೆಯವರು ನಿಗದಿತ ನಮೂನೆಯಲ್ಲಿ ಬರೆದುಕೊಡಬೇಕು, ಟಿಕೆಟನ್ನು ಕೌಂಟರಿನಲ್ಲೇ ಮಾಡಿಸಬೇಕು. ನಮ್ಮ ಹಾಗೆ ಬರೀ ತೋರಿಸಿಕೊಂಡು ಬರಲು ಹೋಗುವವರಿಗೆ ಇದು ಸಿಗುವುದಿಲ್ಲ.

ಆಯಿಗೆ ಆರೋಗ್ಯ ವಿಮೆ ಇಲ್ಲ. ಮೊದಲೇ ಮಾಡಿಸಬೇಕಿತ್ತು. ವಿಮೆ ಇರುವವರು ಪಾಲಿಸಿಯ ಒಂದು ಸಾಲನ್ನು ತಪ್ಪದೆ ಓದಿ. ಆಸ್ಪತ್ರೆಗೆ ಸೇರುವ ಮೊದಲಿನ ಇಷ್ಟು ದಿನ, ಬಿಡುಗಡೆಯ ನಂತರದ ಇಷ್ಟು ದಿನಗಳ ಖರ್ಚನ್ನೂ ಅದು ಕೊಡುತ್ತದೆ, ಹಲವು ಪಾಲಿಸಿಗಳಲ್ಲಿ 30 ಮತ್ತು 60 ದಿನ. ಅದೇ ಕಾಯಿಲೆಗೆ ಸಂಬಂಧಿಸಿದ ಡಾಕ್ಟರ ಫೀ, ಪರೀಕ್ಷೆಯ ಬಿಲ್ಲು ಆ ಗಡುವಿನೊಳಗೆ ಬಂದರೆ ಕೇಳಬಹುದು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು 1.5 ಲಕ್ಷ ರೂಪಾಯಿಯವರೆಗೆ ಸರ್ಕಾರ ಭರಿಸುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ, ತುರ್ತು ಚಿಕಿತ್ಸೆಯ ಹೊರತು, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕಾಗುತ್ತದೆ. ಬೆಂಗಳೂರು ತಲುಪಿದ ಮೇಲೆ ಆ ಪತ್ರಕ್ಕಾಗಿ ಊರಿಗೆ ಹಿಂದಿರುಗಿದವರನ್ನು ನಾನು ಲಾಡ್ಜಿನಲ್ಲೇ ಕಂಡಿದ್ದೇನೆ.

ತೆರಿಗೆಯ ಮಾತು ಒಂದೇ ಇದೆ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರು, ವಿಮೆಯಿಲ್ಲದ ಹಿರಿಯ ತಂದೆತಾಯಿಯ ಚಿಕಿತ್ಸೆಗೆ ಮಾಡಿದ ಖರ್ಚನ್ನು 50,000 ರೂಪಾಯಿವರೆಗೆ ಆದಾಯದಿಂದ ಕಳೆಯಬಹುದು, ನಾವೆಲ್ಲ 80ಡಿ ಎಂದು ಕರೆಯುತ್ತ ಬಂದದ್ದು ಅದನ್ನೇ. ನಗದು ಕೊಟ್ಟದ್ದು ಇದಕ್ಕೆ ನಡೆಯುವುದಿಲ್ಲ. 2019ರಲ್ಲಿ ನಾನು ಬಹುಪಾಲು ನಗದು ಎಣಿಸಿ ಕೊಟ್ಟಿದ್ದೆ. ಈಗ ಔಷಧಿ ಅಂಗಡಿಯಲ್ಲೂ ಫೋನಿನಿಂದಲೇ ಪಾವತಿ ಮಾಡಿ ಬಿಲ್ಲು ಕೇಳಿ ಪಡೆಯುತ್ತೇನೆ.

2020ರ ಮಾರ್ಚ್‌ನಲ್ಲಿ ಟೆಲಿಮೆಡಿಸಿನ್ ಮಾರ್ಗಸೂಚಿ ಬಂದ ಮೇಲೆ ಫೋನು, ವಿಡಿಯೊದಲ್ಲಿ ನೋಡಿ ಔಷಧಿ ಬರೆಯುವುದಕ್ಕೆ ಸ್ಪಷ್ಟ ನಿಯಮ ಸಿಕ್ಕಿತು. ಹೃದಯದ ಡಾಕ್ಟರು ಈಗ ಮೂರು ತಿಂಗಳಿಗೊಮ್ಮೆ ವಿಡಿಯೊದಲ್ಲಿ ನೋಡುತ್ತಾರೆ. ಅವತ್ತು ಬೆಳಿಗ್ಗೆ ಇಲ್ಲೇ ಇಸಿಜಿ, ರಕ್ತದೊತ್ತಡ ಮಾಡಿಸಿ ಕಳಿಸುತ್ತೇವೆ. ಕರೆ ಮುಗಿದ ಕೂಡಲೆ ಆಯಿ ಕೇಳುತ್ತಾಳೆ, ‘ಎಷ್ಟಾತೋ ತಮಾ?’ ಆರು ನೂರು ಎಂದರೆ, ಮತ್ತೊಮ್ಮೆ ಹೇಳಿಸಿಕೊಂಡು ಒಳಗೆ ಹೋಗುತ್ತಾಳೆ.

ಬೆಂಗಳೂರಿಗೆ ಈಗ ವರ್ಷಕ್ಕೊಂದೇ ಸಲ. ಮುಂದಿನದು ಫೆಬ್ರುವರಿಯಲ್ಲಿ. ಕಿಡ್ನಿ ಡಾಕ್ಟರು ಮಂಗಳವಾರ, ಹೃದಯದವರು ಬುಧವಾರ ಎಂದು ಗೊತ್ತಾಗಿದೆ. ಕಣ್ಣಿನ ಡಾಕ್ಟರು ಗುರುವಾರ ಇರುತ್ತಾರೋ ಇಲ್ಲವೋ ಎಂದು ನಾಳೆ ಹತ್ತು ಗಂಟೆಗೆ ಫೋನ್ ಮಾಡಬೇಕು. ಅದು ತಿಳಿದ ಮೇಲೆಯೇ ರೈಲಿನ ಟಿಕೆಟು.