ಲೇತಿನ ಹಿಂಬದಿಯ ಅಪರಿಚಿತ ಕೂಡುಕೊಂಡಿ

ಶಿರಾಡಿ ಘಟ್ಟದ ಬುಡದಲ್ಲಿ, ಮಂಗಳೂರು–ಬೆಂಗಳೂರು ಹೆದ್ದಾರಿಯ ಮೇಲಿರುವ ನೆಲ್ಯಾಡಿಯಲ್ಲಿ ಒಬ್ಬ ಹವ್ಯಾಸಿಯು ಮೇಜಿನ ಮೇಲೆ ಇಡಬಹುದಾದ ಹಳೆಯ ಲೇತೊಂದನ್ನು ಕೊಂಡು ತಂದನೆಂದು ಭಾವಿಸೋಣ. ಪಂಪಿನ ಸವೆದ ಬುಶ್ಶನ್ನೋ, ಅಡಿಕೆ ಸುಲಿಯುವ ಯಂತ್ರದ ದಂಡವನ್ನೋ ತಾನೇ ಕಡೆದುಕೊಳ್ಳಬೇಕೆಂಬುದು ಆತನ ಆಸೆ. ಯಂತ್ರದ ಹಿಂಬದಿಯಲ್ಲಿ ನಾಲ್ಕು ಪಿನ್ನುಗಳುಳ್ಳ ದುಂಡನೆಯ ಲೋಹದ ಕೂಡುಕೊಂಡಿಯೊಂದಿದೆ. ಅದಕ್ಕೆ ಜೊತೆಯಾದ ಪ್ಲಗ್ಗು ಇಲ್ಲ, ಬರಹವೂ ಇಲ್ಲ. ಇದು ಯಾವುದಕ್ಕಾಗಿ?

1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯ ಅಥವಾ 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಎಚ್.ಎಂ.ಟಿ.ಯ ದೊಡ್ಡ ಲೇತುಗಳಲ್ಲಿ ಈ ಒಗಟು ಸಾಮಾನ್ಯವಾಗಿ ಏಳುವುದಿಲ್ಲ. ಅಲ್ಲಿ ತಂತಿಗಳನ್ನು ಪೆಟ್ಟಿಗೆಯೊಳಗೆ ತಿರುಪುಗಳಿಂದ ಬಿಗಿದಿರುತ್ತಾರೆ. ಚಿಕ್ಕ ಲೇತುಗಳಲ್ಲಾದರೋ ಮೋಟಾರು, ದೀಪ, ವೇಗಸೂಚಕ, ರಕ್ಷಣಾ ಸ್ವಿಚ್ಚು ಎಲ್ಲಕ್ಕೂ ಬಿಡಿ ಕೊಂಡಿಗಳಿರಬಹುದು.

ಕೆಲವು ಕೊಂಡಿಗಳ ಆಕಾರವೇ ಅವುಗಳ ಕೆಲಸವನ್ನು ತಿಳಿಸುತ್ತದೆ. ಕಾರ್ಖಾನೆಗಳಲ್ಲಿ ಬಳಸುವ ಅಂತರರಾಷ್ಟ್ರೀಯ ಮಾದರಿಯ ದಪ್ಪ ಪ್ಲಾಸ್ಟಿಕ್ ಪ್ಲಗ್ಗುಗಳಲ್ಲಿ ಹಳದಿಯು 110 ವೋಲ್ಟನ್ನು, ನೀಲಿಯು 230 ವೋಲ್ಟನ್ನು, ಕೆಂಪು 400 ವೋಲ್ಟನ್ನು ಸೂಚಿಸುವುವು. ಅಷ್ಟೇ ಅಲ್ಲ, ಸಾಕೆಟ್ಟಿನ ಗಾಡಿಯನ್ನು ಕೆಳಮುಖವಾಗಿ ಹಿಡಿದು ಎದುರಿನಿಂದ ನೋಡಿದರೆ ಭೂಸಂಪರ್ಕದ ರಂಧ್ರವು ಗಡಿಯಾರದ ಮುಳ್ಳಿನಂತೆ ನಿಲ್ಲುತ್ತದೆ: 110 ವೋಲ್ಟಿಗೆ 4 ಗಂಟೆಯ ಸ್ಥಾನ, 230 ಮತ್ತು 400 ವೋಲ್ಟುಗಳಿಗೆ 6 ಗಂಟೆಯ ಸ್ಥಾನ. ಹೀಗಾಗಿ ಹಳದಿಯ ಪ್ಲಗ್ಗು ನೀಲಿಯ ಸಾಕೆಟ್ಟಿಗೆ ಹೊಗದು.

ನಮ್ಮ ದುಂಡು ಕೊಂಡಿಗೆ ಇಂತಹ ಭಾಷೆಯಿಲ್ಲ. ಮುಖಫಲಕದ ರಂಧ್ರವನ್ನು ವರ್ನಿಯರಿನಿಂದ ಅಳೆದಾಗ 16 ಮಿಲಿಮೀಟರ್ ಬಂದರೆ, ಮತ್ತು ಮೇಲೆ ತಿರುಪಿನ ಉಂಗುರವಿದ್ದರೆ, ಅದು ಪ್ರಾಯಶಃ ಜಿಎಕ್ಸ್–16 ಎಂಬ ಮಾದರಿಯದು. ಹೆಸರು ಸಿಕ್ಕಿದ್ದರಿಂದ ಅಂಗಡಿಯಲ್ಲಿ ಜೊತೆಯನ್ನು ಕೊಳ್ಳಬಹುದೇ ಹೊರತು ಒಳಗೆ ಏನಿದೆಯೆಂಬುದು ತಿಳಿಯದು. ಇದೇ ಕೊಂಡಿಯನ್ನು ಮೋಟಾರಿಗೂ ಬಳಸುತ್ತಾರೆ, ರೇಡಿಯೋ ಪ್ರೇಷಕಗಳ ಮೈಕಿಗೂ ಬಳಸುತ್ತಾರೆ. ಆಕಾರ ಹೊಂದಿತೆಂದು ಸಿಕ್ಕಿದ ಪ್ಲಗ್ಗನ್ನು ಸೇರಿಸುವುದು ಅತ್ಯಂತ ಅಪಾಯಕರ.

ತಂತಿಯ ಬಣ್ಣವೂ ಪೂರ್ಣ ಸಾಕ್ಷಿಯಲ್ಲ. ನಮ್ಮ ಹಳೆಯ ಪದ್ಧತಿಯಲ್ಲಿ ಕಪ್ಪು ತಂತಿಯು ತಟಸ್ಥ, ಅಮೆರಿಕದ ಯಂತ್ರದಲ್ಲಿ ಕಪ್ಪು ತಂತಿಯೇ ಜೀವಂತ! ನಮ್ಮ ಮೂರು ಫೇಸುಗಳಲ್ಲಿ ನೀಲಿಯೂ ಒಂದು. ಅನೇಕ ವಿದೇಶೀ ಯಂತ್ರಗಳಲ್ಲಿ ನೀಲಿಯೇ ತಟಸ್ಥ.

ಹಾಗಾದರೆ ಪರೀಕ್ಷೆ ಹೇಗೆ? ಮೊದಲು ಗೋಡೆಯ ಪ್ಲಗ್ಗನ್ನೇ ಕಿತ್ತಿಡತಕ್ಕದ್ದು. ಸ್ವಿಚ್ಚನ್ನು ಆರಿಸಿದರೆ ಸಾಲದು. ವೇಗ ನಿಯಂತ್ರಕವುಳ್ಳ ಲೇತುಗಳಲ್ಲಿ 230 ವೋಲ್ಟಿನ ಪರ್ಯಾಯ ಪ್ರವಾಹವನ್ನು ನೇರ ಪ್ರವಾಹವನ್ನಾಗಿ ಪರಿವರ್ತಿಸುವಾಗ ಕೆಪಾಸಿಟರುಗಳು ಸುಮಾರು 325 ವೋಲ್ಟಿನವರೆಗೆ ತುಂಬಿಕೊಳ್ಳಬಲ್ಲವು. ಕೆಲವು ನಿಮಿಷ ಕಾದು, ವೋಲ್ಟ್‌ಮಾಪಕದಿಂದ ಶೂನ್ಯವನ್ನು ಕಂಡಮೇಲೆಯೇ ಒಳಗೆ ಕೈಯಿಡಬೇಕು. ಹಲವು ಯಂತ್ರಗಳಲ್ಲಿ ನಿಯಂತ್ರಕ ಫಲಕವು ಮನೆಯ ವಿದ್ಯುತ್ತಿನಿಂದ ಬೇರ್ಪಟ್ಟಿರುವುದೇ ಇಲ್ಲ. ಆದುದರಿಂದ ವೇಗಸೂಚಕದ ಪುಟ್ಟ ಕೊಂಡಿಯೂ ಯಂತ್ರ ನಡೆಯುವಾಗ ಪ್ರಾಣಾಂತಿಕವಾಗಿರಬಹುದು.

ಬಳಿಕ ಓಮ್‌ಮಾಪಕದ ಒಂದು ಕಡ್ಡಿಯನ್ನು ಲೇತಿನ ಬಣ್ಣವಿಲ್ಲದ ಲೋಹಕ್ಕೂ, ಇನ್ನೊಂದನ್ನು ಒಂದೊಂದು ಪಿನ್ನಿಗೂ ಮುಟ್ಟಿಸಿರಿ. ಒಂದು ಪಿನ್ನಿನಲ್ಲಿ ಸರಿಸುಮಾರು ಶೂನ್ಯ ರೋಧ ಬಂದರೆ ಅದು ಭೂಸಂಪರ್ಕದ್ದಿರಬೇಕು. ಉಳಿದವುಗಳನ್ನು ಜೊತೆಜೊತೆಯಾಗಿ ಅಳೆದು ಬರೆದಿಡಿರಿ. ಎರಡು ಪಿನ್ನುಗಳ ನಡುವೆ ಕೆಲವೇ ಓಮ್ ರೋಧವಿದ್ದು, ನಾಲ್ಕನೆಯದು ಯಾವುದಕ್ಕೂ ಸೇರದಿದ್ದರೆ, ಮೋಟಾರೆಂಬ ಸಂಶಯ ಬಲವಾಗುತ್ತದೆ. ಆದರೆ ದೀಪವೂ ತಣ್ಣಗಿರುವಾಗ ಕಡಿಮೆ ರೋಧವನ್ನೇ ತೋರುವುದು!

ಇಲ್ಲಿ ಒಂದು ಸೊಗಸಾದ ಪ್ರಯೋಗವುಂಟು. ಮಾಪಕವನ್ನು ನೇರ ಪ್ರವಾಹದ ವೋಲ್ಟಿಗೆ ತಿರುಗಿಸಿ, ಅದೇ ಎರಡು ಪಿನ್ನುಗಳಿಗೆ ಕಡ್ಡಿಗಳನ್ನು ಸಿಕ್ಕಿಸಿ, ಲೇತಿನ ಚಕ್ಕನ್ನು ಕೈಯಿಂದ ಬಿರುಸಾಗಿ ತಿರುಗಿಸಿರಿ. ಶಾಶ್ವತ ಅಯಸ್ಕಾಂತದ ನೇರ ಪ್ರವಾಹದ ಮೋಟಾರಾದರೆ ಅದು ಆ ಕ್ಷಣಕ್ಕೆ ಡೈನಮೋ ಆಗಿ ವೋಲ್ಟೇಜನ್ನು ಹುಟ್ಟಿಸುವುದು. ಹಿಮ್ಮುಖವಾಗಿ ತಿರುಗಿಸಿದರೆ ಚಿಹ್ನೆಯೂ ಬದಲಾಗುವುದು. ಪ್ರೇರಣಾ ಮೋಟಾರು ಹೀಗೆ ಮಾಡದು. ಅದರ ಮೂರು ಪಿನ್ನುಗಳ ನಡುವೆ ಮೂರೂ ಅಳತೆಗಳು ಸಮವಾಗಿದ್ದರೆ ಅದು ಮೂರು ಫೇಸಿನದು. ಒಂದೇ ಫೇಸಿನದಾದರೆ ಒಂದು ಅಳತೆಯು ಉಳಿದೆರಡರ ಮೊತ್ತಕ್ಕೆ ಸಮನಾಗಿರುವುದು, 12, 30, 42 ಎಂಬಂತೆ. ಏಕೆಂದರೆ ಮುಖ್ಯ ಸುರುಳಿಯೂ ಆರಂಭದ ಸುರುಳಿಯೂ ಒಂದು ತುದಿಯಲ್ಲಿ ಕೂಡಿರುತ್ತವೆ. ಇನ್ನು ರಕ್ಷಣಾ ಮುಚ್ಚಳವನ್ನು ಎತ್ತಿ ಇಳಿಸಿದಾಗ ರೋಧವು ಶೂನ್ಯದಿಂದ ಅನಂತಕ್ಕೆ ಜಿಗಿದರೆ ಅದು ಸ್ವಿಚ್ಚಿನ ಕೊಂಡಿ.

ನಕ್ಷೆ ಬರೆಯುವಾಗ ಅನುಭವಿಗಳೂ ಎಡವುವ ಸ್ಥಳವೊಂದಿದೆ. ಪಿನ್ನುಗಳನ್ನು ಮುಂದಿನಿಂದ ನೋಡಿದ ಕ್ರಮವು ಬೆಸುಗೆಯ ಬದಿಯಿಂದ ಕನ್ನಡಿಯ ಬಿಂಬದಂತೆ ತಿರುವುಮುರುವಾಗಿರುತ್ತದೆ. ಯಾವ ಬದಿಯಿಂದ ನೋಡಿದ್ದೆಂದು ಕಾಗದದ ಮೇಲೆ ಬರೆಯಲೇಬೇಕು.

ಹೊಸ ಜೊತೆಯನ್ನು ಕಟ್ಟುವಾಗ ವಿದ್ಯುತ್ತು ಬರುವ ಬದಿಗೆ ರಂಧ್ರಗಳಿರಬೇಕು, ಪಡೆಯುವ ಬದಿಗೆ ಪಿನ್ನುಗಳಿರಬೇಕು. ಇದು ತಿರುಗಿದರೆ ಕಳಚಿದ ಪ್ಲಗ್ಗಿನ ತೆರೆದ ಪಿನ್ನುಗಳಲ್ಲಿ ಜೀವಂತ ವಿದ್ಯುತ್ತು ನಿಲ್ಲುವುದು. ನೆಲ್ಯಾಡಿಯ ಕಡೆಯ ಮಳೆಗಾಲದ ತೇವದಲ್ಲಿ ಹಿತ್ತಾಳೆಯ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟುವುದುಂಟು. ಅದನ್ನು ಒರೆಸದೆ ತೆಗೆದುಕೊಂಡ ಅಳತೆಗಳನ್ನು ನಂಬಲಾಗದು. ಬೇಸಿಗೆಯಲ್ಲಿ ಮುರಕಲ್ಲಿನ ನೆಲ ಒಣಗಿದಾಗ ಭೂಸಂಪರ್ಕದ ಗುಂಡಿಗೆ ನೀರೆರೆಯುವುದೂ ಈ ಕೆಲಸದ ಭಾಗವೇ. ಮೊದಲ ಸಲ ಯಂತ್ರವನ್ನು ನಡೆಸುವಾಗ 100 ವಾಟಿನ ತಂತುದೀಪವೊಂದನ್ನು ಸರಣಿಯಲ್ಲಿ ಸೇರಿಸಿರಿ. ತಪ್ಪು ಜೋಡಣೆಯಿಂದ ವಿದ್ಯುತ್ತು ಅಡ್ಡದಾರಿ ಹಿಡಿದರೆ ದೀಪವು ಪೂರ್ಣವಾಗಿ ಉರಿಯುವುದು, ಫಲಕವು ಉಳಿಯುವುದು.